ಆ ಎರಡು ಸೀಟಿಗೆ ಹೆಸರು ಬರೆದವರು ಯಾರು?

"ಮೇಡಂ, ಆ ಎರಡು ಸೀಟಲ್ಲಿ ಯಾರು ಕೂರಬೇಕು ಅಂತ ಹೆಸರು ಬರೆದದ್ದು ಯಾರು?"

ಮಂಗಳವಾರ ಕೊನೆಯ ಪೀರಿಯಡ್‌ನಲ್ಲಿ ಬಂದ ಪ್ರಶ್ನೆ ಇದು. ಇವತ್ತು ಶನಿವಾರ, ಇನ್ನೂ ತಲೆಯಿಂದ ಇಳಿದಿಲ್ಲ. ಕೇಳಿದವಳು ಮೂರನೇ ಬೆಂಚಿನ ಹುಡುಗಿ. ತರಗತಿಯಲ್ಲಿ ತುಟಿ ಬಿಚ್ಚುವವಳಲ್ಲ, ನೋಟ್ಸ್ ಮಾತ್ರ ಬಹಳ ಅಚ್ಚುಕಟ್ಟು.

ಕೊನೆ ವರ್ಷದ ಬಿ.ಎ.ಗೆ ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿ ಪಾಠ ನಡೆಯುತ್ತಿದೆ. ಪರೀಕ್ಷೆಗೆ ಸುತ್ತಿ ಬಳಸಿ ಬರುವುದು ಒಂದೇ ಪ್ರಶ್ನೆ: ಮಾರ್ಟಿನ್ ಲೂಥರ್ ಕಿಂಗ್ ಮತ್ತು ಮಾಲ್ಕಮ್ ಎಕ್ಸ್ ಅವರ ಮಾರ್ಗಗಳನ್ನು ಹೋಲಿಸಿ. ಗೈಡುಗಳಲ್ಲಿ ಅದಕ್ಕೆ ಎರಡು ಕಾಲಂ ತಯಾರಿದೆ. ಎಡಕ್ಕೆ ಅಹಿಂಸೆ, ಪ್ರೀತಿ, ಏಕತೆ. ಬಲಕ್ಕೆ ಸಿಟ್ಟು, ಆತ್ಮರಕ್ಷಣೆ, ಪ್ರತ್ಯೇಕತೆ. ನಡುವೆ ಒಂದು ಗೆರೆ. ಆ ಗೆರೆ ನೋಡಿದಾಗಲೆಲ್ಲ ನನಗೆ ಕೋಪ ಬರುತ್ತದೆ. 1965ರ ಫೆಬ್ರವರಿಯಲ್ಲಿ ಕಿಂಗ್ ಅಲಬಾಮಾ ರಾಜ್ಯದ ಸೆಲ್ಮಾ ಊರಿನ ಜೈಲಿನಲ್ಲಿದ್ದಾಗ ಅದೇ ಊರಿಗೆ ಬಂದ ಮಾಲ್ಕಮ್, ಕಿಂಗರ ಹೆಂಡತಿ ಕೊರೆಟ್ಟಾ ಅವರ ಹತ್ತಿರ, "ನಿಮ್ಮ ಯಜಮಾನರ ಕೆಲಸ ಕಷ್ಟ ಮಾಡಲು ಬಂದವನಲ್ಲ, ಇನ್ನೊಂದು ದಾರಿ ಯಾವುದು ಅಂತ ಬಿಳಿಯರಿಗೆ ಗೊತ್ತಾದರೆ ಅವರ ಮಾತನ್ನು ಕೇಳಿಯಾರು" ಎಂಬರ್ಥದಲ್ಲಿ ಹೇಳಿದ್ದರು. ಆ ತಿಂಗಳು ಮುಗಿಯುವ ಮೊದಲೇ ಮಾಲ್ಕಮ್ ಅವರನ್ನು ಕೊಂದರು. ಮೂರು ವರ್ಷದ ಮೇಲೆ ಕಿಂಗರನ್ನೂ ಕೊಂದರು. ಸಾಯುವಾಗ ಇಬ್ಬರಿಗೂ 39 ವರ್ಷ. ಇಂಥ ಸಂಗತಿಗಳನ್ನು ಯಾವ ಕಾಲಂನಲ್ಲಿ ಬರೆಯುವುದು? ಹೆಂಗಸರಂತೂ ಎರಡೂ ಕಡೆ ಇಲ್ಲ.

ಹಾಗಾಗಿ ಈ ಸಲ ಗೈಡನ್ನು ಮುಚ್ಚಿಸಿ ಅಟ್ಲಾಂಟಿಕ್ ಸಿಟಿಯ ಕಥೆ ಹೇಳಿದೆ. 1964ರ ಆಗಸ್ಟ್, ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಆರಿಸುವ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಾವೇಶ. ಮಿಸಿಸಿಪ್ಪಿ ರಾಜ್ಯದಿಂದ ಬಂದ ಅಧಿಕೃತ ತಂಡದಲ್ಲಿ ಬಿಳಿಯರು ಮಾತ್ರ. ಕಪ್ಪು ಜನರನ್ನು ಹೊರಗಿಟ್ಟು ಆರಿಸಿದ ತಂಡ ಅದು. ಅದಕ್ಕೆ ಎದುರಾಗಿ, ಹೆಚ್ಚಾಗಿ ಕಪ್ಪು ಜನರೇ ಇದ್ದ ಮಿಸಿಸಿಪ್ಪಿ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿಯ 68 ಮಂದಿ ಬಸ್ಸಿನಲ್ಲಿ ಬಂದಿಳಿದರು. ನಿಜವಾದ ಪ್ರತಿನಿಧಿಗಳು ನಾವು, ಆ ಜಾಗ ನಮ್ಮದು ಅಂದರು. ಅದೇ ಬೇಸಿಗೆಯಲ್ಲಿ ಮತದಾರರ ನೋಂದಣಿ ಚಳವಳಿಯ ಮೂವರು ಯುವಕರನ್ನು ಮಿಸಿಸಿಪ್ಪಿಯಲ್ಲಿ ಕೊಂದು ಮಣ್ಣಿನ ಏರಿಯಲ್ಲಿ ಹೂತಿದ್ದರು. ಹೆಣ ಸಿಕ್ಕು ಮೂರು ವಾರವೂ ಆಗಿರಲಿಲ್ಲ.

ಆ ತಂಡದಲ್ಲಿದ್ದವರು ಫ್ಯಾನಿ ಲೂ ಹೇಮರ್. ಇಪ್ಪತ್ತು ಮಕ್ಕಳಲ್ಲಿ ಕೊನೆಯವರು, ಹತ್ತಿ ಬಿಡಿಸಿ ಬೆಳೆದವರು. 1962ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರು ಅನ್ನುವ ಒಂದೇ ಕಾರಣಕ್ಕೆ, ವರ್ಷಗಟ್ಟಲೆ ದುಡಿದ ಜಮೀನಿನಿಂದ ಅದೇ ದಿನ ಹೊರಬಿದ್ದವರು. ಮರುವರ್ಷ ವಿನೋನಾ ಊರಿನ ಜೈಲಿನಲ್ಲಿ ಪೊಲೀಸರು ಕಪ್ಪು ಕೈದಿಗಳ ಕೈಯಿಂದಲೇ ಅವರಿಗೆ ಹೊಡೆಸಿದರು. ಸಮಾವೇಶದ ಸಮಿತಿಯ ಮುಂದೆ ಅವರು ಕೊಟ್ಟ ಸಾಕ್ಷ್ಯದ ಧ್ವನಿಮುದ್ರಣವನ್ನು ತರಗತಿಯಲ್ಲಿ ಕೇಳಿಸಿದೆ. ಇಂಗ್ಲಿಷ್ ಅರ್ಧ ಅರ್ಥವಾಗದಿದ್ದರೂ ಮಕ್ಕಳು ಅಲುಗಾಡಲಿಲ್ಲ. ಅವರು ಹೆಸರು ಹೇಳಿದ ಮೇಲೆ ಹೇಳುವುದೇ ವಿಳಾಸ: 626, ಈಸ್ಟ್ ಲಫಾಯೆಟ್ ಸ್ಟ್ರೀಟ್, ರೂಲ್‌ವಿಲ್. ತಾವು ತಂಗಿದ್ದ ಮನೆಯ ಮೇಲೆ ಗುಂಡು ಹಾರಿಸಿದ ಊರು ಅದು. ಟೀವಿ ಕ್ಯಾಮೆರಾಗಳ ಮುಂದೆ ಮನೆ ನಂಬರ್ ಸಮೇತ ಹೇಳಿದರು. ಅಧ್ಯಕ್ಷ ಜಾನ್ಸನ್ ಗಡಿಬಿಡಿಯಲ್ಲಿ ತಮ್ಮದೇ ಪತ್ರಿಕಾಗೋಷ್ಠಿ ಕರೆದು ಕ್ಯಾಮೆರಾ ಆ ಕಡೆ ತಿರುಗುವಂತೆ ಮಾಡಿದರು. ಸುದ್ದಿಯವರು ರಾತ್ರಿ ಹೇಮರ್ ಮಾತನ್ನೇ ಹಾಕಿದರು, ದೇಶವೆಲ್ಲ ನೋಡಿತು.

ಆಮೇಲೆ ಬಂದದ್ದು ರಾಜಿ. ಬಿಳಿಯರ ತಂಡ ಪಕ್ಷಕ್ಕೆ ನಿಷ್ಠೆ ಬರೆದುಕೊಟ್ಟು ಕೂರಲಿ, ಈ 68 ಜನರಲ್ಲಿ ಇಬ್ಬರಿಗೆ ಸೀಟು, ಉಳಿದವರು ಅತಿಥಿಗಳು. ಮುಂದಿನ ಸಮಾವೇಶದಿಂದ ಭೇದ ಮಾಡುವ ತಂಡಗಳಿಗೆ ಜಾಗವಿಲ್ಲ. ವಾಷಿಂಗ್ಟನ್ ಮೆರವಣಿಗೆಯನ್ನು ಸಂಘಟಿಸಿದ ಬೇಯಾರ್ಡ್ ರಸ್ಟಿನ್ ಒಪ್ಪಿಕೊಳ್ಳಿ ಅಂದರು. ಕಪ್ಪು ಜನರ ಹಕ್ಕುಗಳ ಹಳೆಯ ಸಂಘಟನೆ ಎನ್‌ಎಎಸಿಪಿಯ ರಾಯ್ ವಿಲ್ಕಿನ್ಸ್ ಕೂಡ ಒಪ್ಪಿಗೆಯ ಪರ. ಹೇಮರ್ ಒಪ್ಪಲಿಲ್ಲ. ಎರಡು ಸೀಟಿಗೋಸ್ಕರ ಇಷ್ಟು ದೂರ ಬಂದದ್ದಲ್ಲ ಅಂದರು.

ಇಲ್ಲಿಗೆ ಬರುವಷ್ಟರಲ್ಲಿ ಆ ಹುಡುಗಿ ಎದ್ದು ನಿಂತು ಕೇಳಿದ್ದಳು. ಹೆಸರು ಬರೆದದ್ದು ಯಾರು?

ಬರೆದದ್ದು ಸೀಟು ಕೊಡುವವರೇ. ಕಪ್ಪು ಜನಾಂಗದ ಔಷಧಿ ವ್ಯಾಪಾರಿ ಆರನ್ ಹೆನ್ರಿ, ಬಿಳಿಯ ಪಾದ್ರಿ ಎಡ್ ಕಿಂಗ್ ಎಂದು ಅವರೇ ಗೊತ್ತು ಮಾಡಿದ್ದರು. ಇಬ್ಬರೂ ಒಳ್ಳೆಯವರು, ಚಳವಳಿಗಾಗಿ ಪೆಟ್ಟು ತಿಂದವರು. ಆದರೆ 68 ಜನರನ್ನು ಯಾರೂ ಕೇಳಿರಲಿಲ್ಲ. ಇಷ್ಟು ಹೇಳುತ್ತಿದ್ದಂತೆ ಅವಳು, "ಪೂನಾ ಒಪ್ಪಂದದ ಹಾಗೇ ಅಲ್ವಾ ಮೇಡಂ? ಸೀಟು ಎಷ್ಟು ಅನ್ನೋದಲ್ಲ, ಆರಿಸೋರು ಯಾರು ಅನ್ನೋದು" ಅಂದಳು.

ಹಿಂದಿನ ಸೆಮಿಸ್ಟರ್‌ನಲ್ಲಿ ನಾನೇ ಮಾಡಿದ ಪಾಠ. 1932ರ ಒಪ್ಪಂದದಲ್ಲಿ ದಲಿತರ ಸೀಟು 71ರಿಂದ 148ಕ್ಕೆ ಏರಿತು, ದಲಿತರೇ ಮತ ಹಾಕಿ ತಮ್ಮವರನ್ನು ಆರಿಸುವ ಪ್ರತ್ಯೇಕ ಮತಕ್ಷೇತ್ರ ಕೈಬಿಟ್ಟಿತು. ಅಂತಿಮವಾಗಿ ಯಾರು ಗೆಲ್ಲಬೇಕು ಅನ್ನುವುದು ಎಲ್ಲ ಜಾತಿಗಳ ಮತಕ್ಕೆ ಹೋಯಿತು. ಅಂಬೇಡ್ಕರ್ ಆಮೇಲೆ ವರ್ಷಗಟ್ಟಲೆ ದೂರಿದ್ದು ಇದನ್ನೇ. 1946ರಲ್ಲಿ ಅವರು ಅಮೆರಿಕದ ಕಪ್ಪು ಜನರ ಚಿಂತಕ ಡುಬೋಯಿಸ್‌ಗೆ ಕಾಗದ ಬರೆದದ್ದೂ ಈ ಎರಡು ಜನರ ಸ್ಥಿತಿಯಲ್ಲಿ ಹೋಲಿಕೆ ಕಂಡೇ. ಪೇಪರ್ ಬೇರೆ, ಸೆಮಿಸ್ಟರ್ ಬೇರೆ ಎಂದು ನಾವು ಕತ್ತರಿಸಿ ಕೊಟ್ಟದ್ದನ್ನು ಅವಳು ಬೆಂಚಿನಲ್ಲಿ ಕೂತೇ ಜೋಡಿಸಿದ್ದಳು. ಅವಳು ಯಾಕೆ ಜೋಡಿಸಿದಳು ಅಂತಲೂ ನನಗೆ ಗೊತ್ತು. ನಮ್ಮ ತರಗತಿಯ ಅರ್ಧಕ್ಕರ್ಧ ಮಕ್ಕಳಿಗೆ ಈ ಪಾಠ ಪರದೇಶದ್ದಲ್ಲ.

ಸ್ಟಾಫ್ ರೂಮಿನಲ್ಲಿ ಖುಷಿಯಿಂದ ಹೇಳಿದೆ. ಹಿರಿಯ ಸಹೋದ್ಯೋಗಿಯೊಬ್ಬರು, "ಹತ್ತು ಮಾರ್ಕಿನ ಪ್ರಶ್ನೆಗೆ ಇಷ್ಟೆಲ್ಲ ಯಾಕ್ರೀ, ಮಕ್ಕಳು ಗೊಂದಲಕ್ಕೆ ಬೀಳ್ತಾರೆ, ಸಿಲಬಸ್ ಮುಗಿಸಿ" ಅಂದರು. ಕೆಟ್ಟ ಮನುಷ್ಯರಲ್ಲ, ಫೀಸ್ ಕಟ್ಟಲಾಗದ ಹುಡುಗರಿಗೆ ಕೈಯಿಂದ ಕೊಟ್ಟವರು. ಆದರೆ ಗೊಂದಲದ ಬಗ್ಗೆ ಅವರಿಗಿರುವ ಭಯ ನನಗೆ ಒಪ್ಪಿಗೆಯಿಲ್ಲ. ಹೋರಾಟಗಾರರ ನಡುವಿನ ಜಗಳವನ್ನು ಮಕ್ಕಳಿಂದ ಮುಚ್ಚಿಟ್ಟರೆ, ಅವರಿಗೆ ಸಿಗುವುದು ಗೋಡೆಗೆ ಹಾಕುವ ಫೋಟೋ ಮಾತ್ರ.

ಬುಧವಾರ ಚರ್ಚೆಗಿಟ್ಟೆ. ಆ ರಾಜಿ ಒಪ್ಪಬೇಕಿತ್ತೇ? ಕಿಂಗ್ ಆವತ್ತು ಹೇಳಿದರೆನ್ನುವ ಮಾತನ್ನೂ ಮುಂದಿಟ್ಟೆ: ನೀಗ್ರೋ ನಾಯಕನಾಗಿ ನೀವಿದನ್ನು ಒಪ್ಪಲಿ ಅಂತ ಬಯಸುತ್ತೇನೆ, ಮಿಸಿಸಿಪ್ಪಿಯ ನೀಗ್ರೋ ಆಗಿದ್ದರೆ ವಿರುದ್ಧವೇ ಮತ ಹಾಕುತ್ತಿದ್ದೆ. ಕಿಂಗರ ಮೇಲೆ ನನಗೆ ಅತ್ಯಂತ ಗೌರವ ಬರುವುದು ಇಲ್ಲಿ. ತಾನು ಸಮಾವೇಶ ಮುಗಿಸಿ ಅಟ್ಲಾಂಟಾಕ್ಕೆ ಹೋಗುವವನು, ಇವರು ರೂಲ್‌ವಿಲ್‌ಗೆ ಹೋಗುವವರು ಅನ್ನುವ ಅರಿವು ಆ ಮಾತಿನಲ್ಲಿದೆ. ವಿಲ್ಕಿನ್ಸ್ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ನಿಮಗೆ ರಾಜಕೀಯ ತಿಳಿಯದು, ಹೇಳುವುದು ಹೇಳಿಯಾಯಿತು, ಊರಿಗೆ ಹೋಗಿ ಅಂದರೆಂದು ಹೇಮರ್ ನೆನಪಿಸಿಕೊಂಡಿದ್ದಾರೆ. ಓದಿದವರು ಓದದವರಿಗೆ ಹೀಗೆ ಹೇಳುವುದನ್ನು ನಾನು ಇಲ್ಲೂ ಸಾಕಷ್ಟು ಕೇಳಿದ್ದೇನೆ.

ತರಗತಿ ಬಹುಪಾಲು ಹೇಮರ್ ಕಡೆಗಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ರಸ್ಟಿನ್ ಪರ ನಿಂತ. ಪೊಲೀಸ್ ಪರೀಕ್ಷೆಗೆ ಓದುತ್ತಿರುವವನು, ಅಂಕಿಸಂಖ್ಯೆ ಬಾಯಲ್ಲೇ ಇರುತ್ತದೆ. "ಈ ಜಗಳದಿಂದ ಚುನಾವಣೇಲಿ ಜಾನ್ಸನ್ ಸೋತು ಎದುರಾಳಿ ಗೋಲ್ಡ್‌ವಾಟರ್ ಗೆದ್ದಿದ್ರೆ? ಅವರು ಸಿವಿಲ್ ರೈಟ್ಸ್ ಕಾಯಿದೆಗೇ ವಿರುದ್ಧ ವೋಟು ಹಾಕಿದೋರು. ಜಾನ್ಸನ್ ಇದ್ದದ್ದಕ್ಕೆ 1965ರ ಮತದಾನದ ಕಾಯಿದೆ ಬಂತು. ಮಿಸಿಸಿಪ್ಪಿಯಲ್ಲಿ ನೂರಕ್ಕೆ ಏಳೂ ಇಲ್ಲದ ಕಪ್ಪು ಮತದಾರರು 1967ಕ್ಕೆ ಅರವತ್ತರ ಹತ್ತಿರ ಬಂದ್ರು. ಯಾವುದು ದೊಡ್ಡದು ಮೇಡಂ?" ಮುಂದಿನ ಬೆಂಚಿನಿಂದ ಯಾರೋ, ಆ ಕಾಯಿದೆ ಬಂದದ್ದು ಸೆಲ್ಮಾ ಸೇತುವೆ ಮೇಲೆ ಜನ ಲಾಠಿ ತಿಂದದ್ದಕ್ಕೆ ಅಂದರು. ಅವನು ಬಿಡಲಿಲ್ಲ: ಲಾಠಿ ತಿಂದವರೂ ಬೇಕು, ಸಹಿ ಹಾಕೋನೂ ಬೇಕು.

ನಾನು ಹೇಮರ್ ಕಡೆಯವಳು, ಅದನ್ನು ತರಗತಿಯಲ್ಲೇ ಹೇಳಿದೆ. 1968ರ ಸಮಾವೇಶದಲ್ಲಿ ಅವರು ಪ್ರತಿನಿಧಿಯಾಗಿಯೇ ಕೂತರು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು ಅನ್ನುವುದನ್ನೂ ಹೇಳಿದೆ. ಆದರೆ ಆ ಹುಡುಗನ ವಾದವನ್ನು ಮುರಿಯಲು ನನ್ನ ಹತ್ತಿರ ಪುರಾವೆ ಇರಲಿಲ್ಲ, ಮುರಿಯಬೇಕು ಅಂತಲೂ ಅನ್ನಿಸಲಿಲ್ಲ. ಅವನು ಲೆಕ್ಕ ಹಾಕಿ ಮಾತಾಡಿದ, ಅವಳು ಮರ್ಯಾದೆಯ ಪ್ರಶ್ನೆ ಎತ್ತಿದಳು. ಅಂದು ಅಟ್ಲಾಂಟಿಕ್ ಸಿಟಿಯ ಚರ್ಚಿನೊಳಗೆ ನಡೆದ ಜಗಳವೂ ಹೆಚ್ಚುಕಮ್ಮಿ ಇದೇ. ಎರಡೂ ಕಡೆ ಅಹಿಂಸೆಯವರೇ ಇದ್ದರು.

ಸೋಮವಾರ ಸೆಲ್ಮಾ ಪಾಠ. 1965ರ ಮಾರ್ಚ್ 9ರಂದು ಸೇತುವೆ ದಾಟಿದ ಮೆರವಣಿಗೆಯನ್ನು ಕಿಂಗ್ ಪೊಲೀಸರ ಎದುರಿನಿಂದ ಹಿಂದಕ್ಕೆ ತಿರುಗಿಸಿದರು, ವಿದ್ಯಾರ್ಥಿ ಸಂಘಟನೆ 'ಸ್ನಿಕ್'ನ ಯುವಕರು ಕೆರಳಿದರು. ಎರಡು ಗುಂಪು ಮಾಡಿ, ಆ ಹುಡುಗನಿಗೆ ಕಿಂಗ್ ಪರ ಮಾತಾಡಲು ಹೇಳಿದ್ದೆ. ನಿನ್ನೆ ಸಂಜೆ ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದ: "ಮೇಡಂ, ಈ ಸಲ ನನ್ನನ್ನ ಸ್ನಿಕ್ ಕಡೆಗೆ ಹಾಕ್ತೀರಾ?"