ರೇ ಟ್ರೇಸರ್‌ಗೆ ವಿವರ್ತನೆ ಸೇರಿಸುವಾಗ

ರೇಡಿಯೋ ಅಲೆಗಳ ಹಾದಿಯನ್ನು ಕಿರಣಗಳಾಗಿ ಲೆಕ್ಕಿಸುವ ಪ್ರೋಗ್ರಾಂ ರೇ ಟ್ರೇಸರ್. ಅದು ಪ್ರತಿಫಲನವನ್ನಷ್ಟೇ ಲೆಕ್ಕಿಸಿದರೆ ಕಟ್ಟಡದ ಹಿಂದೆ ಸಿಗ್ನಲ್ ಸೊನ್ನೆ. ಆದರೆ ಅಲ್ಲಿ ನಿಂತವರ ಫೋನ್ ರಿಂಗಾಗುತ್ತದೆ: ಅಲೆ ಕಟ್ಟಡದ ಅಂಚಿನಲ್ಲಿ ಬಾಗಿ ಬರುತ್ತದೆ, ಅದೇ ವಿವರ್ತನೆ. ಕಿರಣಗಳನ್ನು ಲಕ್ಷದಿಂದ ಕೋಟಿಗೆ ಏರಿಸಿದರೂ ಉಪಯೋಗವಿಲ್ಲ: ಅಂಚಿಗೆ ದಪ್ಪವೇ ಇಲ್ಲ, ಸುಮ್ಮನೆ ಹಾರಿಸಿದ ಕಿರಣ ಅದಕ್ಕೆ ತಾಗುವುದಿಲ್ಲ. ಅಂಚುಗಳನ್ನು ನಾವೇ ಹೆಕ್ಕಿ ಕೊಡಬೇಕು.

ಕಟ್ಟಡದ ಮೇಲ್ಮೈಯನ್ನು ತ್ರಿಕೋನಗಳಾಗಿ ಹೆಣೆದ ಮೆಶ್‌ನಲ್ಲಿ ಎರಡು ತ್ರಿಕೋನಗಳು ಕೂಡುವ ಪ್ರತಿ ಗೆರೆಯನ್ನೂ ನೋಡಿ, ಆ ತ್ರಿಕೋನಗಳ ಮೇಲ್ಮೈಗೆ ಎಳೆದ ಲಂಬಗಳ ನಡುವಿನ ಕೋನ 5 ಡಿಗ್ರಿಗಿಂತ ಕಡಿಮೆಯಿದ್ದರೆ ಬಿಡಿ. ಇಲ್ಲವಾದರೆ ಚಪ್ಪಟೆ ಗೋಡೆಯ ಕರ್ಣವೂ ಅಂಚಾಗಿ ಕೂರುತ್ತದೆ. ಒಳಮೂಲೆಗಳನ್ನೂ ಕೈಬಿಡಿ.

ಅಂಚಿನೊಂದಿಗೆ ಒಳಬರುವ ಕಿರಣದ ಕೋನವೂ ಹೊರಹೋಗುವ ಕಿರಣದ ಕೋನವೂ ಒಂದೇ ಎಂಬುದು 1962ರ ಕೆಲ್ಲರ್ ನಿಯಮ. ನೇರ ಅಂಚಾದರೆ ವಿವರ್ತನಾ ಬಿಂದು ಒಂದೇ ಸಾಲಿನ ಲೆಕ್ಕ: ಪ್ರೇಷಕ, ಗ್ರಾಹಕಗಳಿಂದ ಅಂಚಿಗಿರುವ ಲಂಬದೂರಗಳ ಅನುಪಾತದಲ್ಲಿ ಅಂಚಿನ ಉದ್ದಕ್ಕೆ ಅಳೆದ ಅವುಗಳ ನಡುವಿನ ಅಂತರವನ್ನು ಹಂಚಿ. ಬಿಂದು ಅಂಚಿನ ಆಚೆ ಬಿದ್ದರೆ ಆ ಪಥ ರದ್ದು. ತಡೆ ಇದೆಯೇ ಎಂದು ಪರೀಕ್ಷಿಸುವಾಗ ಬಿಂದುವನ್ನು ಗೋಡೆಯಿಂದ ಒಂದು ಮಿಲಿಮೀಟರ್ ಹೊರಗೆ ಸರಿಸಿ. ಇಲ್ಲದಿದ್ದರೆ ಕಿರಣವನ್ನು ಅದರ ಸ್ವಂತ ಗೋಡೆಯೇ ತಡೆಯುತ್ತದೆ.

ನಿಜವಾದ ತಲೆನೋವು ಅಂಚು ದಾಟಿದ ಅಲೆ ಎಷ್ಟು ಉಳಿಯುತ್ತದೆ ಎಂದು ಹೇಳುವ ವಿವರ್ತನಾ ಗುಣಾಂಕದ್ದು. ಕೂಯೂಮ್ಜಿಯನ್ ಮತ್ತು ಪಾಠಕ್ 1974ರಲ್ಲಿ ಕೊಟ್ಟ ಯುಟಿಡಿ (ಏಕರೂಪ ವಿವರ್ತನಾ ಸಿದ್ಧಾಂತ) ಸೂತ್ರದಲ್ಲಿ ನಾಲ್ಕು ಪದಗಳು, ಪ್ರತಿಯೊಂದೂ ಒಂದು ಕೋಟ್ಯಾಂಜೆಂಟ್ ಮತ್ತು ಒಂದು ಫ್ರೆನೆಲ್ ಪದದ ಗುಣಲಬ್ಧ. ಮೂಲೆಯ ಹೊರಗಿನ ಕೋನವನ್ನು 180 ಡಿಗ್ರಿಯಿಂದ ಭಾಗಿಸಿದರೆ ಸಿಗುವುದು ಎನ್; 90 ಡಿಗ್ರಿ ಮೂಲೆಗೆ ಅದರ ಬೆಲೆ 1.5. ನೇರ ಕಿರಣ ಮರೆಯಾಗತೊಡಗುವ ನೆರಳಿನ ಗಡಿಯಲ್ಲಿ ಕೋಟ್ಯಾಂಜೆಂಟ್ ಅನಂತಕ್ಕೂ ಫ್ರೆನೆಲ್ ಪದ ಸೊನ್ನೆಗೂ ಓಡುತ್ತವೆ. ಗುಣಲಬ್ಧ ಸೀಮಿತವೇ, ಆದರೆ ಕಂಪ್ಯೂಟರ್ ನ್ಯಾನ್ (ಸಂಖ್ಯೆಯೇ ಅಲ್ಲ) ಎನ್ನುತ್ತದೆ. ಕೋನವನ್ನು ಒಂದು ಮೈಕ್ರೋರೇಡಿಯನ್ ಸರಿಸಿದರೆ ಸಾಕು. ಪೈಥಾನ್‌ನ ಗಣಿತ ಲೈಬ್ರರಿ ಸೈಪೈಯ ಫ್ರೆನೆಲ್ ಫಂಕ್ಷನ್‌ನ ಒಳಗೆ ಪೈ ಬೈ 2 ಅಡಗಿದೆ, ಯುಟಿಡಿಯಲ್ಲಿ ಅದಿಲ್ಲ. ಈ ಸ್ಕೇಲಿಂಗ್ ಮರೆತರೂ ಚಿತ್ರ ಸುಂದರವಾಗಿಯೇ ಬರುತ್ತದೆ, ಅದೇ ಅಪಾಯ.

ಆದ್ದರಿಂದ ಗ್ರಾಹಕವನ್ನು ಗಡಿ ದಾಟಿಸಿ ಗ್ರಾಫ್ ಎಳೆಯಿರಿ. ಪ್ರತಿಫಲನವಿಲ್ಲದ ಕಡೆ, ಒಟ್ಟು ಕ್ಷೇತ್ರ ಗಡಿಯಲ್ಲಿ ನೇರ ಕ್ಷೇತ್ರಕ್ಕಿಂತ ಸುಮಾರು 6 ಡಿಬಿ ಕೆಳಗಿರಬೇಕು, ಎಲ್ಲೂ ಜಿಗಿಯಬಾರದು. ಜಿಗಿದರೆ ಅಲೆಯ ಹಂತದ (ಫೇಸ್) ಚಿಹ್ನೆ ತಪ್ಪಿದೆ ಅಥವಾ ದೂರದ ಪದ ತಪ್ಪಿದೆ. ಎರಡನೇ ಪರೀಕ್ಷೆಗೆ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಕೊಟ್ಟ ಚಾಕುಅಂಚಿನ, ಅಂದರೆ ತೆಳು ಅಂಚಿನ ತಡೆಯ, ಸೂತ್ರ: ಪ್ರೇಷಕದಿಂದ 100 ಮೀಟರ್, ಗ್ರಾಹಕದಿಂದ 50 ಮೀಟರ್ ದೂರದ ತಡೆ ನೇರರೇಖೆಗಿಂತ 5 ಮೀಟರ್ ಮೇಲಿದ್ದರೆ ನಷ್ಟ 900 ಮೆಗಾಹರ್ಟ್ಸ್‌ನಲ್ಲಿ 19.5 ಡಿಬಿ, 3.5 ಗಿಗಾಹರ್ಟ್ಸ್‌ನಲ್ಲಿ 25.3, 28 ಗಿಗಾಹರ್ಟ್ಸ್‌ನಲ್ಲಿ 34.3. ಎನ್ ಬೆಲೆ 2 ಇಟ್ಟ ತೆಳು ಹಾಳೆ ಇದಕ್ಕೆ ಒಂದು ಡಿಬಿಯೊಳಗೆ ಹೊಂದಬೇಕು.

ಕಾಂಕ್ರೀಟ್‌ಗೆ ಲ್ಯೂಬರ್ಸ್ 1984ರಲ್ಲಿ ಸೂಚಿಸಿದಂತೆ ಆ ನಾಲ್ಕರಲ್ಲಿ ಪ್ರತಿಫಲನದ ಎರಡು ಪದಗಳಿಗೆ ಗೋಡೆಯ ಪ್ರತಿಫಲನ ಗುಣಾಂಕ ಗುಣಿಸಿ; ಅದಕ್ಕೆ ಬೇಕಾದ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಸ್ಪಂದಿಸುವ ಪ್ರಮಾಣ) 5.3ರ ಆಸುಪಾಸು. ಸಾಲಾಗಿ ಎರಡು ಛಾವಣಿ ಬಂದಾಗ ಗುಣಾಂಕಗಳನ್ನು ಕಣ್ಣುಮುಚ್ಚಿ ಗುಣಿಸಬೇಡಿ: ಎರಡನೇ ಅಂಚು ಮೊದಲನೆಯದರ ನೆರಳಿನ ಗಡಿಯ ಸುತ್ತಲಿನ ಸಂಧಿವಲಯದಲ್ಲಿದ್ದರೆ ಉತ್ತರ ಕೆಡುತ್ತದೆ.