ಅರ್ಧ ನಿಮಿಷದಲ್ಲಿ ಕೊಟ್ಟ ಉತ್ತರ

‘ಈ ಕ್ಯಾಂಪಸ್ ಎಲ್ಲರನ್ನೂ ತನ್ನವರೆಂದು ಕಾಣುತ್ತದೆ.’

ಈ ವಾಕ್ಯದ ಮುಂದೆ ಐದು ವೃತ್ತಗಳಿದ್ದವು. ‘ಪೂರ್ತಿ ಒಪ್ಪುತ್ತೇನೆ’ಯಿಂದ ಹಿಡಿದು ‘ಒಪ್ಪುವುದೇ ಇಲ್ಲ’ದವರೆಗೆ. ಕೊನೆಯ ವರ್ಷದಲ್ಲಿದ್ದ ನಾನು ಮೊದಲನೆಯದನ್ನು ಪೆನ್ನಿನಿಂದ ಕಪ್ಪು ಮಾಡಿ ಅರ್ಧ ನಿಮಿಷದಲ್ಲಿ ಮುಂದಿನ ಪ್ರಶ್ನೆಗೆ ಹೋಗಿದ್ದೆ. ಸುಳ್ಳೇನೂ ಹೇಳಿರಲಿಲ್ಲ. ನನಗೆ ಹಾಗೇ ಅನ್ನಿಸಿತ್ತು.

ಆ ಸಮೀಕ್ಷೆ ನಡೆಸಿದ ಆರು ಜನ ವಿದ್ಯಾರ್ಥಿಗಳಲ್ಲಿ ನಾನೂ ಒಬ್ಬ. ಕ್ಯಾಂಪಸ್ಸಿನ ವೈವಿಧ್ಯದ ಬಗ್ಗೆ, ಎಲ್ಲರನ್ನೂ ಒಳಗೊಳ್ಳುವ ಬಗ್ಗೆ ವಿದ್ಯಾರ್ಥಿಗಳಿಗೆ ಏನನ್ನಿಸುತ್ತದೆ ಅಂತ ತಿಳಿಯುವುದು ಉದ್ದೇಶ. ನಮ್ಮನ್ನು ತಯಾರು ಮಾಡಿದವರು ಸಂಖ್ಯಾಶಾಸ್ತ್ರದ ಮೇಡಂ. ಈ ಐದು ವೃತ್ತಗಳ ಪದ್ಧತಿ 1932ರಲ್ಲಿ ರೆನ್ಸಿಸ್ ಲಿಕರ್ಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮಾಡಿದ್ದು ಅಂತ ಅವರು ಹೇಳಿದರು. ನಾವೆಲ್ಲ ‘ಲೈಕರ್ಟ್’ ಅನ್ನುತ್ತಿದ್ದೆವು. ಮೇಡಂ ಪ್ರತಿ ಸಲ ತಿದ್ದುತ್ತಿದ್ದರು. “ಲೈಕರ್ಟ್ ಅಲ್ಲ, ಲಿಕರ್ಟ್. ಮನುಷ್ಯನ ಹೆಸರು, ಸರಿಯಾಗಿ ಹೇಳಿ.” ವಾರದೊಳಗೆ ಆರೂ ಜನಕ್ಕೆ ಬಾಯಿಪಾಠವಾಯಿತು. ಈ ಮಾತಿಗೆ ಆಮೇಲೆ ಬರುತ್ತೇನೆ.

ಹಾಳೆ ಹಂಚುವ ಕೆಲಸ ಸುಲಭ ಅಂದುಕೊಂಡಿದ್ದೆ. ಹೆಚ್ಚಿನವರು ನನ್ನ ಹಾಗೇ ಪಟಪಟ ತುಂಬಿ ಕೊಟ್ಟರು. ನಿಧಾನ ಮಾಡಿದವರು ಕೆಲವರೇ. ವೀಲ್‌ಚೇರಿನಲ್ಲಿ ಬರುತ್ತಿದ್ದ ಸಹಪಾಠಿಯೊಬ್ಬ ಪೆನ್ನು ಹಿಡಿದು ಸುಮ್ಮನೆ ಕೂತಿದ್ದ. ಯಾಕೋ ಅಂದೆ.

“ಯಾವ ಕಟ್ಟಡದ ಬಗ್ಗೆ ಕೇಳ್ತಿದ್ದೀಯ?” ಅಂದ.

ಒಟ್ಟಾರೆ ಕ್ಯಾಂಪಸ್ಸಿನ ಬಗ್ಗೆ ಅಂದೆ. “ನನಗೆ ಒಟ್ಟಾರೆ ಕ್ಯಾಂಪಸ್ ಅಂತ ಒಂದಿಲ್ಲ ಕಣೋ. ಹೋಗೋಕಾಗುವ ಕಟ್ಟಡ, ಹೋಗೋಕಾಗದ ಕಟ್ಟಡ ಅಂತ ಎರಡಿದೆ.” ಗ್ರಂಥಾಲಯಕ್ಕೆ ರ್‍ಯಾಂಪ್ ಇದೆಯಲ್ಲ ಅಂತ ನಾನು ವಾದಕ್ಕೆ ನಿಂತೆ. ಅವನು ನಕ್ಕು, ಬಾ ತೋರಿಸ್ತೀನಿ ಅಂತ ಕರೆದುಕೊಂಡು ಹೋದ.

ಅಲ್ಲಿ ಅಳತೆ ಪಟ್ಟಿ ಹಿಡಿದು ನನ್ನಿಂದಲೇ ಅಳೆಸಿದ. ರ್‍ಯಾಂಪಿಗೆ ಹಲವು ದೇಶಗಳಲ್ಲಿ ಬಳಸುವ ಲೆಕ್ಕ ಒಂದಕ್ಕೆ ಹನ್ನೆರಡು. ಒಂದು ಅಡಿ ಎತ್ತರ ಏರಬೇಕಾದರೆ ಇಳಿಜಾರು ಹನ್ನೆರಡು ಅಡಿ ಉದ್ದ ಇರಬೇಕು. ನಮ್ಮ ಗ್ರಂಥಾಲಯಕ್ಕೆ ಮೂರು ಮೆಟ್ಟಿಲು, ಒಟ್ಟು 45 ಸೆಂಟಿಮೀಟರ್ ಎತ್ತರ. ಅಂದರೆ ರ್‍ಯಾಂಪ್ 5.4 ಮೀಟರ್ ಉದ್ದ ಬೇಕು. ಇದ್ದದ್ದು ಅದರ ಅರ್ಧವೂ ಇಲ್ಲ. ಯಾರಾದರೂ ಹಿಂದಿನಿಂದ ತಳ್ಳದೆ ಅವನಿಗೆ ಹತ್ತಲು ಆಗುತ್ತಿರಲಿಲ್ಲ, ಇಳಿಯುವಾಗ ಮುಗ್ಗರಿಸುವ ಭಯ. ಮೂರು ವರ್ಷ ದಿನಾ ಅದರ ಪಕ್ಕದಲ್ಲೇ ಓಡಾಡಿದ್ದ ನನಗೆ ಅದು ‘ವ್ಯವಸ್ಥೆ ಇದೆ’ ಅಂತ ಕಂಡಿತ್ತು. ಮಾಹಿತಿ ಪುಸ್ತಕದಲ್ಲಿ ಅದರ ಫೋಟೋ ಕೂಡ ಇತ್ತು.

ಎಡ್ ರಾಬರ್ಟ್ಸ್ ಬಗ್ಗೆ ನನಗೆ ಮೊದಲು ಹೇಳಿದ್ದೂ ಅವನೇ. ಪೋಲಿಯೋದಿಂದ ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ರಾಬರ್ಟ್ಸ್ 1962ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದರು. ಅವರ ಉಸಿರಾಟಕ್ಕೆ ಬೇಕಿದ್ದ ದೊಡ್ಡ ಕಬ್ಬಿಣದ ಯಂತ್ರ ಹಿಡಿಸುವಂಥ ಹಾಸ್ಟೆಲ್ ಕೋಣೆ ಇರಲಿಲ್ಲ. ಹಾಗಾಗಿ ಕ್ಯಾಂಪಸ್ಸಿನ ಆಸ್ಪತ್ರೆಯಲ್ಲೇ ಇದ್ದು ಓದಿದರು. ಆಮೇಲೆ ಅಂಥದ್ದೇ ತೊಂದರೆ ಇದ್ದ ಇನ್ನಷ್ಟು ವಿದ್ಯಾರ್ಥಿಗಳು ಅಲ್ಲಿಗೆ ಬಂದರು, ಸಂಘ ಕಟ್ಟಿದರು, ಹಕ್ಕಿಗಾಗಿ ಹೋರಾಡಿದರು. ಗೆಳೆಯ ಈ ಕತೆಯನ್ನು ಭಾವುಕನಾಗಿಯೇನೂ ಹೇಳಲಿಲ್ಲ. “ಆಸ್ಪತ್ರೆಯಲ್ಲಿ ಮಲಗಿ ಡಿಗ್ರಿ ಮಾಡಿದವರಿದ್ದಾರೆ, ನಾನು ನಿನ್ನ ಕೈಲಿ ತಳ್ಳಿಸ್ಕೊಂಡು ಪುಸ್ತಕ ತರೋದೇನು ದೊಡ್ಡದು” ಅಂದ. ನಂತರ ಮಧ್ಯದ ವೃತ್ತ ತುಂಬಿ ಹಾಳೆ ಕೊಟ್ಟ. ಕೆಳಗಿನದನ್ನು ಯಾಕೆ ತುಂಬಲಿಲ್ಲ ಅಂತ ಕೇಳಿದ್ದಕ್ಕೆ, “ಇಲ್ಲಿ ವೀಲ್‌ಚೇರ್ ಎಷ್ಟಿದೆ? ಒಂದು. ಯಾರು ಬರೆದಿದ್ದು ಅಂತ ಗೊತ್ತಾಗಲ್ವಾ?” ಅಂದ.

ಇದು ನಮ್ಮ ಆರು ಜನರ ತಲೆಗೆ ಹೊಳೆದೇ ಇರಲಿಲ್ಲ.

ಮಾಹಿತಿ ಪುಸ್ತಕದ ಮಾತು ಬಂತಲ್ಲ, ಅದರಲ್ಲಿ ಇನ್ನೊಂದು ಫೋಟೋ ಇತ್ತು. ಮರದ ಕೆಳಗೆ ಕೂತು ನಗುತ್ತಿರುವ ಐದು ವಿದ್ಯಾರ್ಥಿಗಳು. ಬೇರೆ ಬೇರೆ ಬಣ್ಣ, ಬೇರೆ ಬೇರೆ ಉಡುಪು. ಅದರಲ್ಲಿದ್ದ ಹುಡುಗಿಯೊಬ್ಬಳು ನಮ್ಮ ತರಗತಿಯವಳೇ. ದೂರದಿಂದ ಬಂದವಳು, ಅವಳ ಭಾಷೆ ಆಡುವವರು ನಮ್ಮಲ್ಲಿ ಬೇರೆ ಯಾರೂ ಇರಲಿಲ್ಲ. ಹಾಳೆ ಕೊಡುತ್ತಾ ಅವಳು ಹೇಳಿದ್ದು: “ಫೋಟೋಗೆ ಪ್ರತಿ ವರ್ಷ ಕರೀತಾರೆ. ಪ್ರಾಜೆಕ್ಟಿಗೆ ಒಬ್ಬರೂ ಕರೆಯಲ್ಲ.”

ಅದು ನಿಜ. ‘ನಿಮಗೆ ಬೇಕಾದವರ ಜೊತೆ ಗುಂಪು ಮಾಡಿಕೊಳ್ಳಿ’ ಅಂತ ಮೇಷ್ಟ್ರು ಹೇಳಿದ ತಕ್ಷಣ ನಾವು ಕಣ್ಣಲ್ಲೇ ಗುಂಪು ಕಟ್ಟಿ ಮುಗಿಸುತ್ತಿದ್ದೆವು. ಕೊನೆಗೆ ಯಾರಿಗೂ ಬೇಡದ ನಾಲ್ಕು ಜನ ಒಂದು ಗುಂಪಾಗುತ್ತಿದ್ದರು. ನಮ್ಮ ತರಗತಿಯಲ್ಲಿ ಅದಕ್ಕೆ ‘ಮಿಕ್ಕವರ ಗುಂಪು’ ಅಂತಲೇ ಹೆಸರು. ಇದನ್ನು ಬರೆಯುವಾಗ ಕೆಟ್ಟದೆನಿಸುತ್ತದೆ. ಆಗ ಅದೊಂದು ತಮಾಷೆ.

ಸಮಾಜಶಾಸ್ತ್ರದ ಸರ್ ಒಬ್ಬರು ಮಾತ್ರ ಇದನ್ನು ಮುರಿದರು. ಚೀಟಿ ಎತ್ತಿ ಗುಂಪು ಮಾಡಿದರು. ಪಾಠವನ್ನು ಐದು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ನಿಮ್ಮ ತುಂಡು ನೀವು ಓದಿ, ಉಳಿದವರಿಗೆ ಕಲಿಸಿ, ಪರೀಕ್ಷೆ ಐದೂ ತುಂಡಿನ ಮೇಲೆ. 1971ರಲ್ಲಿ ಎಲಿಯಟ್ ಆರನ್ಸನ್ ಎಂಬ ಮನಶ್ಶಾಸ್ತ್ರಜ್ಞ ಮತ್ತವರ ಸಂಗಡಿಗರು ಅಮೆರಿಕದ ಟೆಕ್ಸಾಸಿನ ಆಸ್ಟಿನ್ ಶಾಲೆಗಳಲ್ಲಿ ಮಾಡಿದ ಉಪಾಯವಂತೆ ಇದು. ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳನ್ನು ಆಗ ತಾನೇ ಒಟ್ಟಿಗೆ ಕೂರಿಸಿದ್ದ ತರಗತಿಗಳು. ಪಕ್ಕಪಕ್ಕ ಕೂತ ಮಾತ್ರಕ್ಕೆ ಅಲ್ಲಿ ಸ್ನೇಹ ಹುಟ್ಟಲಿಲ್ಲ, ಜಗಳ ಹುಟ್ಟಿತು. ಒಬ್ಬರ ಬಳಿ ಇರುವುದು ಇನ್ನೊಬ್ಬರಿಗೆ ಬೇಕೇ ಬೇಕು ಎಂದಾದಾಗ ಮಾತು ಶುರುವಾಯಿತು.

ಗಾರ್ಡನ್ ಆಲ್ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲಿ ಬರೆದಿದ್ದನ್ನೂ ನಮ್ಮ ಸರ್ ಹೇಳಿದ್ದರು. ಪೂರ್ವಗ್ರಹ ಕರಗಬೇಕಾದರೆ ಭೇಟಿಯಾದವರು ಸಮಾನರಾಗಿರಬೇಕು, ಗುರಿ ಒಂದಿರಬೇಕು, ಕೂಡಿ ದುಡಿಯಬೇಕು, ಮೇಲಿನವರ ಬೆಂಬಲ ಇರಬೇಕು. 515 ಅಧ್ಯಯನಗಳನ್ನು ಒಟ್ಟುಹಾಕಿ ಪೆಟಿಗ್ರೂ ಮತ್ತು ಟ್ರಾಪ್ 2006ರಲ್ಲಿ ಪ್ರಕಟಿಸಿದ ಲೆಕ್ಕ ಬಹಳ ತಡವಾಗಿ ನನ್ನ ಕಣ್ಣಿಗೆ ಬಿತ್ತು. ಈ ನಾಲ್ಕೂ ಇಲ್ಲದಿದ್ದರೂ ಒಡನಾಟದಿಂದ ಪೂರ್ವಗ್ರಹ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಇದ್ದರೆ ಪರಿಣಾಮ ಜಾಸ್ತಿ ಅಂತ ಅವರು ಕಂಡುಕೊಂಡಿದ್ದರು.

ನಮ್ಮ ಗುಂಪು ಮೊದಲ ವಾರ ಪೂರ್ತಿ ಕೆಟ್ಟಿತು. ಒಬ್ಬ ಓದಿಯೇ ಬರಲಿಲ್ಲ (ನಾನೇ). ಎರಡನೇ ವಾರ ಆ ಫೋಟೋದ ಹುಡುಗಿಯ ತುಂಡು ಯಾರಿಗೂ ಅರ್ಥವಾಗದೆ ಎಲ್ಲರೂ ಅವಳ ಸುತ್ತ ಕುರ್ಚಿ ಎಳೆದುಕೊಂಡೆವು. ಅವಳು ಮಾತು ಕಮ್ಮಿ ಅಂದುಕೊಂಡಿದ್ದೆ. ಇಲ್ಲ, ನಾವು ಕೇಳಿಸಿಕೊಂಡಿರಲಿಲ್ಲ ಅಷ್ಟೇ. ಅವಳು ವಿಪರೀತ ಮಾತಾಡುತ್ತಿದ್ದಳು, ಬೈಯುತ್ತಲೂ ಇದ್ದಳು.

ಸಮೀಕ್ಷೆಗೆ ಮರಳುತ್ತೇನೆ. ಹಾಳೆಗಳೆಲ್ಲ ಬಂದ ಮೇಲೆ ಸರಾಸರಿ ತೆಗೆದರೆ ಚೆನ್ನಾಗಿಯೇ ಇತ್ತು. ಆಡಳಿತದವರಿಗೆ ಖುಷಿಯಾಗುವಂಥ ಅಂಕಿ. ನಮಗೂ ಖುಷಿ. ಮೇಡಂ ಆ ಅಂಕಿಯನ್ನು ನೋಡಿ, “ಇದು ಯಾರ ಅಭಿಪ್ರಾಯ?” ಅಂದರು. ಎಲ್ಲರದ್ದೂ ಅಂದೆವು. ಬೇರೆ ಬೇರೆ ಗುಂಪಿನವರ ಉತ್ತರ ಬಿಡಿಸಿ ನೋಡಿ ಅಂದರು. ನೋಡಿದೆವು. ಕ್ಯಾಂಪಸ್ಸಿನಲ್ಲಿ ಸಂಖ್ಯೆ ಜಾಸ್ತಿ ಇದ್ದವರು ಮೇಲಿನ ವೃತ್ತಗಳಲ್ಲಿ. ಕಡಿಮೆ ಇದ್ದವರು ಚದುರಿಹೋಗಿದ್ದರು, ಕೆಲವು ಕಡೆ ತೀರಾ ಕೆಳಗೆ. ತೀರಾ ಸಣ್ಣ ಗುಂಪುಗಳ ಉತ್ತರ ವರದಿಯಲ್ಲಿ ಹಾಕುವಂತೆಯೇ ಇಲ್ಲ, ಹಾಕಿದರೆ ಗುರುತು ಸಿಗುತ್ತದೆ. ನಿಯಮ ಸರಿಯೇ. ಆದರೆ ವೀಲ್‌ಚೇರಿನ ಗೆಳೆಯನ ಉತ್ತರ ಹಾಗೆ ಮಾಯವಾಯಿತು. ಈ ಬಗ್ಗೆ ನಮ್ಮ ಆರು ಜನರಲ್ಲಿ ಜೋರು ಜಗಳವಾಗಿ ಇಬ್ಬರು ಬಿಟ್ಟೇ ಹೋದರು.

ಹಾಳೆಯ ಕೊನೆಗೆ ‘ಇನ್ನೇನಾದರೂ ಹೇಳಬೇಕೆ?’ ಅಂತ ಖಾಲಿ ಚೌಕ ಇತ್ತು. ಅದನ್ನು ಓದಿ ಟೈಪ್ ಮಾಡುವ ಕೆಲಸ ನನಗೆ ಬಿತ್ತು. ಹೆಚ್ಚಿನವು ಕ್ಯಾಂಟೀನಿನ ದೂರು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಒಬ್ಬರು, ಪಾಠದ ನಂತರ ಮೇಷ್ಟ್ರ ಕೋಣೆಗೆ ಹೋಗಿ ಸಂಶಯ ಕೇಳಬಹುದು ಅಂತ ಎರಡು ವರ್ಷ ತಮಗೆ ಗೊತ್ತೇ ಇರಲಿಲ್ಲ ಎಂದು ಬರೆದಿದ್ದರು. ‘ನನ್ನನ್ನು ತಪ್ಪಿ ಸೇರಿಸಿಕೊಂಡಿದ್ದಾರೆ ಅನ್ನಿಸುತ್ತದೆ’ ಅಂತ ಇನ್ನೊಬ್ಬರು. ಈ ಭಾವನೆಯ ಮೇಲೆ ವಾಲ್ಟನ್ ಮತ್ತು ಕೋಹೆನ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ‘ನಮಗೂ ಮೊದಮೊದಲು ಹೀಗೇ ಅನ್ನಿಸಿತ್ತು, ಆಮೇಲೆ ಹೋಯಿತು’ ಎಂಬ ಹಿರಿಯ ವಿದ್ಯಾರ್ಥಿಗಳ ಮಾತನ್ನು ಹೊಸಬರಿಗೆ ಓದಿಸಿದರು. ಸುಮಾರು ಒಂದು ಗಂಟೆಯ ಕೆಲಸ. ಅಷ್ಟರಿಂದಲೇ ಮುಂದಿನ ಮೂರು ವರ್ಷಗಳಲ್ಲಿ ಕಪ್ಪು ಮತ್ತು ಬಿಳಿಯ ವಿದ್ಯಾರ್ಥಿಗಳ ಅಂಕಗಳ ಅಂತರ ಅರ್ಧಕ್ಕಿಳಿಯಿತು. ಒಳ್ಳೆಯದೇ. ಆದರೆ ರ್‍ಯಾಂಪ್ ಕಡಿದಾಗಿದ್ದರೆ ಹಿರಿಯರ ಮಾತು ಎಷ್ಟು ಓದಿಸಿದರೂ ಅದು ಕಡಿದಾಗಿಯೇ ಇರುತ್ತದೆ, ಅಲ್ವಾ?

ಆ ಚೌಕಗಳಲ್ಲಿ ಒಂದರಲ್ಲಿ ಹೀಗಿತ್ತು: ‘ಹಾಸ್ಟೆಲಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಇಬ್ಬರೇ.’

ಹೆಸರು ಬರೆಯದ ಹಾಳೆ. ಆದರೂ ಓದಿದ ಕ್ಷಣಕ್ಕೆ ಗೊತ್ತಾಯಿತು. ನಮ್ಮ ಪಕ್ಕದ ಕೋಣೆಯವನು. ಅವನ ಮಾತಿನ ಧಾಟಿ ನಮಗಿಂತ ಬೇರೆ. ಮೊದಲ ತಿಂಗಳೇ ಅದನ್ನು ಅಣಕಿಸಿ ಒಂದು ಅಡ್ಡಹೆಸರು ಇಟ್ಟಿದ್ದೆವು. ಅವನೂ ನಗುತ್ತಿದ್ದ, ಹಾಗಾಗಿ ಪ್ರೀತಿ ಅಂದುಕೊಂಡಿದ್ದೆವು. ಆ ಇಬ್ಬರಲ್ಲಿ ನಾನಿರಲಿಲ್ಲ. ಸತ್ತು ಮೂವತ್ತು ವರ್ಷ ಕಳೆದ ಲಿಕರ್ಟ್ ಹೆಸರನ್ನು ಸರಿಯಾಗಿ ಹೇಳಲು ಒಂದು ವಾರ ಕಲಿತವನು ನಾನು.

ಮರುದಿನದಿಂದ ಅವನನ್ನು ಹೆಸರು ಹಿಡಿದು ಕರೆಯತೊಡಗಿದೆ. ಎರಡು ದಿನ ಅವನು ಏನೂ ಅನ್ನಲಿಲ್ಲ. ಮೂರನೇ ದಿನ ಹಲ್ಲುಜ್ಜುತ್ತಾ ಕೇಳಿದ, “ಏನಾಯ್ತೋ ನಿನಗೆ?” ಸುಮ್ನೆ ಅಂದೆ. ಹಾಳೆ ಓದಿದ್ದೇನೆ ಅಂತ ಹೇಳುವ ಹಾಗಿರಲಿಲ್ಲ. ಕ್ಷಮಿಸು ಅನ್ನುವ ಹಾಗೂ ಇರಲಿಲ್ಲ. ಅವನು ಬಾಯಿ ಮುಕ್ಕಳಿಸಿ ಹೊರಟುಹೋದ. ಇಲ್ಲೂ ಅವನ ಹೆಸರು ಬರೆಯುವುದಿಲ್ಲ, ಈ ಸಲದ ಕಾರಣ ಬೇರೆ.

ರ್‍ಯಾಂಪ್ ಆಮೇಲೆ ಉದ್ದವಾಯಿತಂತೆ, ನಾವೆಲ್ಲ ಹೋದ ಮೇಲೆ.

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಗಳ ಸಂಘದಿಂದ ಇಮೇಲ್ ಬಂತು. ಸಮೀಕ್ಷೆಯಂತೆ, ಈಗ ಆನ್‌ಲೈನ್. ‘ನೀವು ಓದುತ್ತಿದ್ದಾಗ ಈ ಕ್ಯಾಂಪಸ್ ಎಲ್ಲರನ್ನೂ ತನ್ನವರೆಂದು ಕಾಣುತ್ತಿತ್ತು.’ ಮುಂದೆ ಅದೇ ಐದು ವೃತ್ತಗಳು. ಅದನ್ನು ಖಾಲಿ ಬಿಟ್ಟು ಉಳಿದದ್ದೆಲ್ಲ ತುಂಬಿ ಕಳಿಸಲು ನೋಡಿದೆ. ಪುಟ ತಾನಾಗಿ ಮೇಲಕ್ಕೆ ಓಡಿ ಕೆಂಪು ಅಕ್ಷರದಲ್ಲಿ ತೋರಿಸಿತು: ಈ ಪ್ರಶ್ನೆಗೆ ಉತ್ತರ ಕಡ್ಡಾಯ. ಪುಟ ಇನ್ನೂ ತೆರೆದೇ ಇದೆ.