ಫೋನ್ ಅಂಗಡಿಗೆ ಬರುವ ಮೊದಲೇ ಬ್ಯಾಟರಿ ಲೆಕ್ಕ ಹಾಕುವುದು ಹೇಗೆ

2025ರ ಜನವರಿಯಲ್ಲಿ ಎಸ್25 ಸರಣಿ ಬಿಡುಗಡೆ ಮಾಡಿದ ಸ್ಯಾಮ್‌ಸಂಗ್, ಕಾರ್ಯಕ್ರಮದ ಕೊನೆಯಲ್ಲಿ ಗ್ಯಾಲಕ್ಸಿ ಎಸ್25 ಎಡ್ಜ್ ಎಂಬ ತೆಳು ಫೋನನ್ನು ತೋರಿಸಿ ಸುಮ್ಮನಾಯಿತು. ಬ್ಯಾಟರಿ ಎಷ್ಟು ಅನ್ನುವ ಮಾತೇ ಇಲ್ಲ. ಮೇ 13ರಂದು ಅಧಿಕೃತವಾಗಿ ಪ್ರಕಟವಾಗುವಷ್ಟರಲ್ಲಿ 3,900 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅನ್ನುವ ಅಂಕಿ ಸೋರಿ ಹೋಗಿತ್ತು, ಕೊನೆಗೆ ಅದೇ ನಿಜವೂ ಆಯಿತು. ಇಂಥ ಅಂಕಿ ಹೊರಬಿದ್ದಾಗ ವಾದ ಎರಡೇ ಥರ ನಡೆಯುತ್ತದೆ. ಎಸ್25ಕ್ಕೆ 4,000 ಇದೆ, ಇದಕ್ಕೆ ಬರೀ 100 ಕಡಿಮೆ, ಚಿಂತೆ ಬೇಡ ಅನ್ನುವುದು ಒಂದು. 5,000 ಇಲ್ಲದ ಫೋನ್ ಫೋನೇ ಅಲ್ಲ ಅನ್ನುವುದು ಇನ್ನೊಂದು. ಎರಡೂ ದಾರಿ ತಪ್ಪಿದ ಹೋಲಿಕೆಗಳೇ.

ಎಡ್ಜ್ ಅನ್ನು ತೂಗಬೇಕಾಗಿದ್ದು ಎಸ್25 ಪ್ಲಸ್ ಪಕ್ಕದಲ್ಲಿಟ್ಟು. ಎರಡಕ್ಕೂ 6.7 ಇಂಚಿನ ಕ್ವಾಡ್ ಎಚ್‌ಡಿ ಪರದೆ, 120 ಹರ್ಟ್ಸ್, ಅದೇ ಸ್ನ್ಯಾಪ್‌ಡ್ರ್ಯಾಗನ್ 8 ಎಲೀಟ್ ಚಿಪ್. ಕರೆಂಟು ಕುಡಿಯುವ ದೊಡ್ಡ ಭಾಗಗಳು ಒಂದೇ, ಬೇರೆಯಾಗಿರುವುದು ಬ್ಯಾಟರಿ ಮಾತ್ರ. ಪ್ಲಸ್‌ಗೆ ಸ್ಯಾಮ್‌ಸಂಗ್ ಕೊಟ್ಟ ವಿಡಿಯೊ ಪ್ಲೇಬ್ಯಾಕ್ ಅವಧಿ 30 ಗಂಟೆ, ಬ್ಯಾಟರಿ 4,900. ಹಾಗಾದರೆ 30ನ್ನು 3,900ರಿಂದ ಗುಣಿಸಿ 4,900ರಿಂದ ಭಾಗಿಸಿ: 23.9 ಗಂಟೆ. ಕಂಪನಿ ಆಮೇಲೆ ಹೇಳಿದ್ದು 24 ಗಂಟೆ. ಅದೇ ಎಸ್25ರ 4,000 ಎಂಎಎಚ್‌ಗೆ 29 ಗಂಟೆ ಸಿಗುತ್ತದೆ, ಯಾಕೆಂದರೆ ಅದರ ಪರದೆ 6.2 ಇಂಚು, ರೆಸಲ್ಯೂಶನ್ನೂ ಕಡಿಮೆ. ನೂರು ಎಂಎಎಚ್ ವ್ಯತ್ಯಾಸಕ್ಕೆ ಐದು ಗಂಟೆ ಹೋಯಿತು ಅಂತ ಬೆಚ್ಚಿಬಿದ್ದವರು ಬ್ಯಾಟರಿ ನೋಡಿದರು, ಪರದೆ ನೋಡಲಿಲ್ಲ.

ಬಿಡುಗಡೆಗೆ ಮೊದಲು ಮಾಡಬಹುದಾದ ನಂಬಿಕಸ್ಥ ಲೆಕ್ಕ ಇದೊಂದೇ ಅನ್ನುವುದು ನನ್ನ ಅಭಿಪ್ರಾಯ. ಬರಲಿರುವ ಫೋನಿನ ಒಡಹುಟ್ಟನ್ನು ಹುಡುಕಿ: ಅದೇ ಕಂಪನಿ, ಅದೇ ಚಿಪ್, ಅದೇ ಅಳತೆಯ ಪರದೆ. ಅದರ ಗಂಟೆಗಳನ್ನು ಅದರ ಎಂಎಎಚ್‌ನಿಂದ ಭಾಗಿಸಿ ಹೊಸದರ ಎಂಎಎಚ್‌ನಿಂದ ಗುಣಿಸಿ. ಕಂಪನಿ ಬೇರೆಯಾದರೆ ಈ ಲೆಕ್ಕ ಬಿದ್ದುಹೋಗುತ್ತದೆ, ಏಕೆಂದರೆ ಪರೀಕ್ಷೆಯಲ್ಲಿ ಪರದೆ ಎಷ್ಟು ಬೆಳಗುತ್ತದೆ, ವೈಫೈ ಆನ್ ಇರುತ್ತದೋ ಇಲ್ಲವೋ ಅನ್ನುವುದನ್ನು ಒಬ್ಬೊಬ್ಬರು ಒಂದೊಂದು ಥರ ಇಟ್ಟುಕೊಳ್ಳುತ್ತಾರೆ.

ಸೂತ್ರ ತಪ್ಪುವ ಕಡೆಯೂ ಪಾಠ ಇದೆ. 5.6 ಮಿಲಿಮೀಟರ್ ದಪ್ಪದ ಐಫೋನ್ ಏರ್ ತೆಗೆದುಕೊಳ್ಳಿ. 3,149 ಎಂಎಎಚ್. ಸಿಮ್ ಟ್ರೇ ಇರುವ ಐಫೋನ್ 17 ಪ್ರೊ 3,988ಕ್ಕೆ 31 ಗಂಟೆ ವಿಡಿಯೊ ಓಡಿಸುತ್ತದೆ, ಆ ದರದಲ್ಲಿ ಏರ್‌ಗೆ ಇಪ್ಪತ್ತನಾಲ್ಕೂವರೆ ಗಂಟೆ ಬರಬೇಕು. ಆಪಲ್ ಹೇಳುವುದು 27. ಅಂದರೆ ವಿಡಿಯೊ ಓಡುವಾಗ ಏರ್ ಶೇ. 10ರ ಆಸುಪಾಸು ಕಡಿಮೆ ಕರೆಂಟು ಎಳೆಯುತ್ತದೆ. ಒಳಗಿನ ಭಾಗಗಳು ಬದಲಾಗಿವೆ ಅನ್ನುವುದಕ್ಕೆ ಇದು ಸುಳಿವು, ಆದರೆ ಅದನ್ನೇ ಇಡೀ ದಿನದ ಬಳಕೆಗೆ ಹಿಗ್ಗಿಸಬೇಡಿ.

ಯಾಕೆ ಹಿಗ್ಗಿಸಬಾರದು? ಏರ್‌ನ ಬ್ಯಾಟರಿಯಲ್ಲಿ ತುಂಬುವ ಒಟ್ಟು ಶಕ್ತಿ 12.26 ವ್ಯಾಟ್-ಅವರ್. 27 ಗಂಟೆಗೆ ಹಂಚಿದರೆ ಸರಾಸರಿ 0.45 ವ್ಯಾಟ್. ಯಾವ ಮನುಷ್ಯನೂ ಫೋನನ್ನು ಅರ್ಧ ವ್ಯಾಟ್‌ನಲ್ಲಿ ಬಳಸುವುದಿಲ್ಲ. ಮೊಬೈಲ್ ಡೇಟಾದಲ್ಲಿ ರೀಲ್ಸ್ ತಿರುಗಿಸುತ್ತಾ ಕೂತರೆ ಸುಮಾರು ಒಂದೂವರೆ ವ್ಯಾಟ್, ಬಿಸಿಲಲ್ಲಿ ಪರದೆ ಪೂರ್ತಿ ಬೆಳಗಿಸಿ ಮ್ಯಾಪ್ಸ್ ಹಾಕಿದರೆ ಮೂರು, 4ಕೆ ವಿಡಿಯೊ ತೆಗೆದರೆ ನಾಲ್ಕು ಅಥವಾ ಅದಕ್ಕೂ ಮೇಲೆ. ಎಡ್ಜ್‌ನಂಥ ಫೋನಿಗೆ ಒಂದು ದಿನದ ಲೆಕ್ಕ ಹಾಕೋಣ. 3,900 ಎಂಎಎಚ್ ಅನ್ನು 3.9 ವೋಲ್ಟ್‌ನಿಂದ ಗುಣಿಸಿದರೆ 15.2 ವ್ಯಾಟ್-ಅವರ್ ಸಿಕ್ಕಿತು. ನಾಲ್ಕು ಗಂಟೆ ಸ್ಕ್ರೋಲಿಂಗ್ 6, ಒಂದು ಗಂಟೆ ಮ್ಯಾಪ್ಸ್ 3, ಅರ್ಧ ಗಂಟೆ ಕ್ಯಾಮೆರಾ 2, ಒಂದು ಗಂಟೆ ಕರೆಗಳು 0.8, ಜೇಬಿನಲ್ಲಿ ಸುಮ್ಮನಿದ್ದ ಎಂಟೂವರೆ ಗಂಟೆಗೆ 1.3. ಒಟ್ಟು 13.1. ರಾತ್ರಿ ಹತ್ತಕ್ಕೆ ಶೇ. 14 ಉಳಿಯಿತು. ಅದೇ ದಿನವನ್ನು 5,000 ಎಂಎಎಚ್ ಫೋನಿನಲ್ಲಿ ಕಳೆದರೆ ಶೇ. 33ರಷ್ಟು ಉಳಿಯುತ್ತದೆ. ನಿಮ್ಮ ದಿನದಲ್ಲಿ ಮ್ಯಾಪ್ಸ್ ಎರಡು ಗಂಟೆಯಾದರೆ ಎಡ್ಜ್ ಸಂಜೆಯೇ ಚಾರ್ಜರ್ ಕೇಳುತ್ತದೆ, ಅಷ್ಟೇ. ಮನೆ, ಆಫೀಸು ಎರಡೂ ಕಡೆ ವೈಫೈ ಇರುವವರಿಗೆ ತೆಳು ಫೋನ್ ತೊಂದರೆ ಕೊಡುವುದಿಲ್ಲ. ಡೆಲಿವರಿ, ಕ್ಯಾಬ್, ಫೀಲ್ಡ್ ಕೆಲಸದವರು ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಪವರ್ ಬ್ಯಾಂಕ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ಏರ್‌ಗೆಂದೇ ಆಪಲ್ ಮಾರುವ ಮ್ಯಾಗ್‌ಸೇಫ್ ಬ್ಯಾಟರಿಯೊಳಗೆ ಇರುವುದು ಫೋನಿನಲ್ಲಿರುವ ಅದೇ 12.26 ವ್ಯಾಟ್-ಅವರ್ ಸೆಲ್. ಅದನ್ನು ಬೆನ್ನಿಗೆ ಅಂಟಿಸಿದರೆ 27 ಗಂಟೆ 54 ಆಗಬೇಕಿತ್ತು, ಆಪಲ್ ಹೇಳುವುದು 40. ಉಳಿದದ್ದು ವೈರ್‌ಲೆಸ್ ಚಾರ್ಜಿಂಗ್‌ನಲ್ಲಿ, ಬಹುಪಾಲು ಬಿಸಿಯಾಗಿ, ಕಳೆದುಹೋಗುತ್ತದೆ. ಕೇಬಲ್ ಇರುವ ಮಾಮೂಲಿ ಪವರ್ ಬ್ಯಾಂಕ್ ಅಗ್ಗವೂ ಹೌದು, ನಷ್ಟವೂ ಕಡಿಮೆ.

ಇನ್ನು ಸೋರಿಕೆಗಳ ವಿಷಯ. ಪ್ರಮಾಣೀಕರಣ ಸಂಸ್ಥೆಗಳ ದಾಖಲೆಯಲ್ಲಿ ಬರುವುದು ಸಾಮಾನ್ಯವಾಗಿ ರೇಟೆಡ್ ಸಾಮರ್ಥ್ಯ, ಅಂದರೆ ಕನಿಷ್ಠ ಖಾತರಿ. ಜಾಹೀರಾತಿನಲ್ಲಿ ಬರುವುದು ಟಿಪಿಕಲ್, ಅಂದರೆ ಸರಾಸರಿ. ಎಡ್ಜ್‌ನದ್ದೇ ರೇಟೆಡ್ 3,786, ಟಿಪಿಕಲ್ 3,900. ಹೊಸ ಫೋನಿನ ರೇಟೆಡ್ ಅಂಕಿಯನ್ನು ಹಳೆಯದರ ಟಿಪಿಕಲ್ ಜೊತೆ ಇಟ್ಟು ‘ಬ್ಯಾಟರಿ ಕಡಿತ’ ಅಂತ ತಲೆಬರಹ ಕೊಡುವ ಯೂಟ್ಯೂಬ್ ಚಾನೆಲ್‌ಗಳಿಗೆ ಬರವಿಲ್ಲ. ಸೋರಿದ ಅಂಕಿ 00 ಅಥವಾ 50ರಲ್ಲಿ ಮುಗಿಯದೆ ಅಡ್ಡಾದಿಡ್ಡಿ ಇದ್ದರೆ ಅದು ರೇಟೆಡ್ ಇರಬಹುದು, ಶೇ. 3ರಷ್ಟು ಸೇರಿಸಿ ನೋಡಿ.

ದೇಶದಿಂದ ದೇಶಕ್ಕೂ ಬ್ಯಾಟರಿ ಬದಲಾಗುತ್ತದೆ, ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ನಥಿಂಗ್ ಫೋನ್ 3 ಹೊರದೇಶಗಳಲ್ಲಿ 5,150, ಭಾರತದಲ್ಲಿ 5,500. ಪೊಕೊ ಎಫ್7 ಹೊರಗೆ 6,500, ಇಲ್ಲಿ 7,550. ರಿಯಲ್‌ಮಿ ಜಿಟಿ 7 ಪ್ರೊದಲ್ಲಿ ಉಲ್ಟಾ: ಚೀನಾದಲ್ಲಿ 6,500, ನಮಗೆ 5,800. ಹೊರದೇಶಗಳಲ್ಲಿ ಚಿಕ್ಕ ಬ್ಯಾಟರಿ ಹಾಕುವುದಕ್ಕೆ ದೊಡ್ಡ ಕಾರಣ ಸಾಗಣೆ ನಿಯಮ. ಒಂದು ಸೆಲ್ 20 ವ್ಯಾಟ್-ಅವರ್ ದಾಟಿದರೆ ಅಪಾಯಕಾರಿ ಸರಕಿನ ಕಟ್ಟುನಿಟ್ಟು ಶುರುವಾಗುತ್ತದೆ. 5,150ನ್ನು 3.87 ವೋಲ್ಟ್‌ನಿಂದ ಗುಣಿಸಿ ನೋಡಿ, 19.9 ಬರುತ್ತದೆ. ಬ್ಯಾಟರಿಯನ್ನು ಎರಡು ಸೆಲ್ ಆಗಿ ಒಡೆದರೆ ಈ ಮಿತಿ ತಪ್ಪಿಸಿಕೊಳ್ಳಬಹುದು, 6,000 ಎಂಎಎಚ್‌ನ ಒನ್‌ಪ್ಲಸ್ 13ರಲ್ಲಿ ಇರುವುದು ಹಾಗೆಯೇ.

ಐಫೋನ್ ಕಥೆ ಬೇರೆ. ಅಮೆರಿಕದ 17 ಪ್ರೊದಲ್ಲಿ ಸಿಮ್ ಟ್ರೇ ಇಲ್ಲ, ಆ ಜಾಗಕ್ಕೂ ಬ್ಯಾಟರಿ ಹರಡಿ 4,252 ಎಂಎಎಚ್, 33 ಗಂಟೆ. ಭಾರತದಲ್ಲಿ ಮಾರುವುದು 3,988, 31 ಗಂಟೆ. ಅಲ್ಲಿನ ರಿವ್ಯೂ ನೋಡಿ ಇಲ್ಲಿ ಬುಕ್ ಮಾಡುವವರು ಶೇ. 6 ಕಳೆದುಕೊಂಡೇ ಓದಬೇಕು. ಕ್ಯಾಲಿಫೋರ್ನಿಯಾದಿಂದ ಬರುವ ಅಣ್ಣನ ಕೈಲಿ ತರಿಸುವವರಿಗೆ ದೊಡ್ಡ ಬ್ಯಾಟರಿಯೇ ಸಿಗುತ್ತದೆ, ಆದರೆ ಇಸಿಮ್ ಮಾತ್ರ, ಪ್ಲಾಸ್ಟಿಕ್ ಸಿಮ್‌ಗೆ ಜಾಗವಿಲ್ಲ.

ಸಿಲಿಕಾನ್-ಕಾರ್ಬನ್ ಬ್ಯಾಟರಿ ಅಂದರೆ ಏನೋ ಮಾಯಾಮಂತ್ರ ಅನ್ನುವ ಹಾಗೆ ಪ್ರಚಾರ ನಡೆಯುತ್ತಿದೆ. ಮಾಮೂಲಿ ಬ್ಯಾಟರಿಯೊಳಗೆ ಲಿಥಿಯಂ ಹಿಡಿದಿಡುವುದು ಗ್ರ್ಯಾಫೈಟ್. ಅದರ ಒಂದು ಗ್ರಾಂ ಸೈದ್ಧಾಂತಿಕವಾಗಿ 372 ಎಂಎಎಚ್ ಹಿಡಿಯುತ್ತದೆ, ಸಿಲಿಕಾನ್ ಸುಮಾರು 3,600. ತೊಂದರೆ ಏನೆಂದರೆ ಲಿಥಿಯಂ ತುಂಬಿಕೊಂಡ ಸಿಲಿಕಾನ್ ಕೆಲವು ಪಟ್ಟು ಉಬ್ಬುತ್ತದೆ, ಖಾಲಿಯಾದಾಗ ಕುಗ್ಗುತ್ತದೆ, ಹೀಗೆ ಆಗಿ ಆಗಿ ಬಿರುಕು ಬಿಡುತ್ತದೆ. ಅದಕ್ಕೇ ಅದನ್ನು ಕಾರ್ಬನ್ ಜೊತೆ ಮಿತವಾಗಿ ಬೆರೆಸುವುದು. ಹಾಗಾಗಿ ಕೇಳಬೇಕಾದದ್ದು ಮೊದಲ ದಿನ ಎಷ್ಟು ಗಂಟೆ ಅನ್ನುವುದಷ್ಟೇ ಅಲ್ಲ, ಎಷ್ಟು ಸೈಕಲ್ (ಒಂದು ಪೂರ್ತಿ ಚಾರ್ಜಿನಷ್ಟು ಬಳಕೆ ಅಂದರೆ ಒಂದು ಸೈಕಲ್) ಆದ ಮೇಲೆ ಸಾಮರ್ಥ್ಯದ ಶೇ. 80 ಉಳಿಯುತ್ತದೆ ಅನ್ನುವುದು. ಯುರೋಪಿನಲ್ಲಿ 2025ರ ಜೂನ್ 20ರಿಂದ ಫೋನಿಗೆ ಎನರ್ಜಿ ಲೇಬಲ್ ಕಡ್ಡಾಯ. ಅದರಲ್ಲಿ ಒಂದು ಚಾರ್ಜಿಗೆ ಎಷ್ಟು ಗಂಟೆ, ಎಷ್ಟು ಸೈಕಲ್ ಎರಡೂ ಅಚ್ಚಾಗಿರುತ್ತವೆ, ಕನಿಷ್ಠ 800 ಸೈಕಲ್ ಇರಲೇಬೇಕು. ಎಲ್ಲ ಕಂಪನಿಗೂ ಒಂದೇ ಪರೀಕ್ಷಾ ವಿಧಾನ ಆದ್ದರಿಂದ, ಕಂಪನಿ ಕಂಪನಿ ನಡುವೆ ಹೋಲಿಸಲು ಸದ್ಯಕ್ಕೆ ಇದಕ್ಕಿಂತ ಒಳ್ಳೆಯ ಅಂಕಿ ಇಲ್ಲ. ಅಲ್ಲಿನ ಬ್ಯಾಟರಿಯೂ ಇಲ್ಲಿನದೂ ಒಂದೇ ಅಳತೆಯೇ ಅಂತ ಮಾತ್ರ ಮೊದಲು ನೋಡಿಕೊಳ್ಳಿ.

ಗೂಗಲ್ ಪಿಕ್ಸೆಲ್ ಕೊಳ್ಳುವವರು ಇನ್ನೊಂದು ತಿಳಿದಿರಬೇಕು. 9ಎ ಮತ್ತು ಆಮೇಲಿನ ಮಾಡೆಲ್‌ಗಳಲ್ಲಿ 200 ಸೈಕಲ್ ದಾಟಿದ ಮೇಲೆ ಫೋನ್ ತಾನಾಗಿಯೇ ಬ್ಯಾಟರಿಯ ಗರಿಷ್ಠ ವೋಲ್ಟೇಜ್ ಅನ್ನು ಹಂತಹಂತವಾಗಿ ಇಳಿಸುತ್ತದೆ, 1,000 ಸೈಕಲ್‌ವರೆಗೆ. ಆಫ್ ಮಾಡಲು ಬರುವುದಿಲ್ಲ. ದಿನಕ್ಕೊಂದು ಸೈಕಲ್ ಅಂದರೂ ಏಳು ತಿಂಗಳೊಳಗೆ ಶುರು.

ನೆಟ್‌ವರ್ಕ್ ಯಾವ ಸ್ಪೆಕ್ ಹಾಳೆಯಲ್ಲೂ ಕಾಣುವುದಿಲ್ಲ. ಚಾರ್ಮಾಡಿ, ಶಿರಾಡಿ ಘಾಟಿಯಂಥ ಕಡೆ ಸಿಗ್ನಲ್ ಹುಡುಕುತ್ತಾ ಮೋಡೆಮ್ ತನ್ನ ಪೂರ್ತಿ ಶಕ್ತಿಯಲ್ಲಿ ಕೂಗುತ್ತಿರುತ್ತದೆ, ಎಂಥ ಬ್ಯಾಟರಿಯೂ ಕರಗುತ್ತದೆ. ಜಿಯೋ 5ಜಿ ಸ್ವತಂತ್ರ ಜಾಲ. ಏರ್‌ಟೆಲ್ ಶುರು ಮಾಡಿದ್ದು 4ಜಿಯ ಮೇಲೆ ನಿಂತ 5ಜಿ, ಅದರಲ್ಲಿ ಫೋನ್ ಎರಡೂ ಜಾಲ ಹಿಡಿದಿರಬೇಕು. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಫಾಸ್ಟ್ ಚಾರ್ಜಿಂಗ್ ಜಾಹೀರಾತಿನ ವೇಗ ನಿರೀಕ್ಷಿಸಬೇಡಿ. ಸೆಲ್ 45 ಡಿಗ್ರಿ ಹತ್ತಿರ ಬಂದರೆ ಫೋನ್ ಚಾರ್ಜಿಂಗ್ ತಗ್ಗಿಸಲೇಬೇಕು, ತೆಳು ಫೋನಿಗೆ ಬಿಸಿ ಹೀರಿಕೊಳ್ಳುವ ಮೈಯೂ ಕಡಿಮೆ.

ಫೋನ್ ಕೈಗೆ ಬಂದ ಮೊದಲ ಎರಡು ಮೂರು ದಿನ ತೀರ್ಪು ಕೊಡಬೇಡಿ. ಫೋಟೊಗಳ ಇಂಡೆಕ್ಸಿಂಗ್, ಆ್ಯಪ್ ಅಪ್‌ಡೇಟ್, ಬ್ಯಾಕಪ್ ಎಲ್ಲ ಆಗಲೇ ನಡೆಯುವುದು. ನಾಲ್ಕನೇ ರಾತ್ರಿ 11ಕ್ಕೆ ಚಾರ್ಜರ್‌ನಿಂದ ತೆಗೆದು, ವೈಫೈ ಆನ್ ಇಟ್ಟು, ಬೆಳಗ್ಗೆ 6ಕ್ಕೆ ನೋಡಿ. ಶೇ. 3ರಿಂದ 6 ಇಳಿದಿದ್ದರೆ ಸರಿ. 10 ದಾಟಿದ್ದರೆ ಮರುದಿನ ಏರ್‌ಪ್ಲೇನ್ ಮೋಡ್‌ನಲ್ಲಿ ಅದೇ ಪರೀಕ್ಷೆ ಮಾಡಿ. ಆಗ ಶೇ. 1 ಅಥವಾ 2 ಮಾತ್ರ ಖರ್ಚಾಗಿದ್ದರೆ ತಪ್ಪು ಸಿಗ್ನಲ್‌ದು ಅಥವಾ ನೆಟ್ ಬಳಸುವ ಆ್ಯಪ್‌ದು, ಸೆಟ್ಟಿಂಗ್ಸ್‌ನ ಬ್ಯಾಟರಿ ಪಟ್ಟಿಯಲ್ಲಿ ಸಿಕ್ಕಿಬೀಳುತ್ತದೆ. ಏರ್‌ಪ್ಲೇನ್ ಮೋಡ್‌ನಲ್ಲೂ 10 ಹೋಗುತ್ತಿದ್ದರೆ ಸೆಲ್ ಅಥವಾ ಬೋರ್ಡ್ ಮೇಲೆ ಅನುಮಾನ ಪಡಬೇಕು. ಆನ್‌ಲೈನ್‌ನಲ್ಲಿ ಕೊಂಡವರಿಗೆ ಬದಲಿ ಕೊಡುವ ಅವಧಿ ಬಹುತೇಕ ಏಳು ದಿನ, ಅಷ್ಟರೊಳಗೆ ಇದು ಮುಗಿಯಬೇಕು.

ಐಫೋನ್ 15 ಮತ್ತು ಆಮೇಲಿನವುಗಳಲ್ಲಿ ಬ್ಯಾಟರಿ ಹೆಲ್ತ್ ಪುಟದಲ್ಲಿ ಸೈಕಲ್ ಸಂಖ್ಯೆ, ತಯಾರಾದ ತಿಂಗಳು, ಮೊದಲು ಬಳಸಿದ ತಿಂಗಳು ಮೂರೂ ಕಾಣುತ್ತವೆ. ಸೀಲ್ ಒಡೆದ ದಿನವೇ ಸೈಕಲ್ 20, 30 ಅಂತಿದ್ದರೆ ಅಥವಾ ಮೊದಲ ಬಳಕೆಯ ತಿಂಗಳು ನಿಮ್ಮ ಬಿಲ್ಲಿಗಿಂತ ಹಿಂದಿನದಾದರೆ, ಸ್ಕ್ರೀನ್‌ಶಾಟ್ ತೆಗೆದು ಬಿಲ್ ಜೊತೆ ಅವತ್ತೇ ಅಂಗಡಿಯವರಿಗೆ ಕಳಿಸಿ.